ಪರದೇಶದ ವಾರ್ತೆ ಮತ್ತು ಸತ್ಯದ ಹೊಣೆ

ಪರದೇಶಗಳ ಧರ್ಮ, ಸಂಸ್ಕೃತಿ, ರಾಜಕಾರಣಗಳನ್ನು ಕುರಿತು ನಾವು ಬಲ್ಲುದು ಬಹುಮಟ್ಟಿಗೆ ಪತ್ರಕರ್ತರ ಕಣ್ಣಿನಿಂದ ಕಂಡುದೇ ಆಗಿದೆ. ಆ ಕಣ್ಣು ಎಷ್ಟು ನಿರ್ಮಲವಾಗಿರಬೇಕೆಂಬುದನ್ನು ಪೋಲೆಂಡಿನ ರಿಶಾರ್ಡ್ ಕಪುಶ್ಚಿನ್ಸ್ಕಿ (1932–2007) ಅವರ ಬರಹದ ಬಾಳು ವಿಚಾರಕ್ಕೆ ಹಚ್ಚುತ್ತದೆ.

1956ರಲ್ಲಿ ಅವರ ಪತ್ರಿಕೆ ಅವರನ್ನು ಮೊದಲು ದೂರದೇಶಕ್ಕೆ ಕಳುಹಿಸಿದ್ದು ನಮ್ಮ ಭಾರತಕ್ಕೆ. ಸಂಪಾದಕಿಯು ಅವರ ಕೈಗಿತ್ತದ್ದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸನ ಗ್ರಂಥ. ಇಲ್ಲಿಯ ಭಾಷೆಗಳಿರಲಿ, ಇಂಗ್ಲಿಷೂ ಅವರಿಗೆ ಬಾರದು. ಭಾಷೆಯಿಲ್ಲದವನಿಗೆ ಜನರ ಬಾಳಿನ ಬಾಗಿಲು ತೆರೆಯದೆಂದು ಮನಗಂಡು ಅವರು ಇಂಗ್ಲಿಷ್ ಕಲಿಯತೊಡಗಿದರು. ತನ್ನ ಅರಿವಿನ ಮಿತಿಯನ್ನು ಅರಿಯುವುದೇ ವರದಿಗಾರನ ಮೊದಲ ಪಾಠ.

ಮುಂದೆ ಅವರು ಇರಾನಿನ ಕ್ರಾಂತಿಯನ್ನು ಕುರಿತು ಬರೆದರು. ಅಲ್ಲಿ 1978ರ ಜನವರಿಯಲ್ಲಿ ಕೋಮ್ ನಗರದ ಪ್ರತಿಭಟನೆಯಲ್ಲಿ ಜನರು ಗುಂಡಿಗೆ ಬಲಿಯಾದರು. ಸಂಪ್ರದಾಯದಂತೆ ನಲವತ್ತನೆಯ ದಿನದ ಶೋಕಾಚರಣೆ ನಡೆದಾಗ ತಬ್ರೀಜ್ ನಗರದಲ್ಲಿ ಮತ್ತೆ ಸಾವು. ಮತ್ತೆ ನಲವತ್ತನೆಯ ದಿನದ ಶೋಕ. ಹೀಗೆ ಬೆಳೆದ ಚಳವಳಿ 1979ರಲ್ಲಿ ದೊರೆಯ ಆಳ್ವಿಕೆಯನ್ನೇ ಕೆಡವಿತು. ರಾಜಕಾರಣವನ್ನಷ್ಟೇ ಬಲ್ಲವನಿಗೆ ಇದು ಬರಿಯ ದೊಂಬಿ. ಆಚಾರವನ್ನೂ ಬಲ್ಲವನಿಗೆ ಮಾತ್ರ ಇದರ ನಡೆ ತಿಳಿಯುತ್ತದೆ. ಪೊಲೀಸನು ಗದರಿಸಿದರೂ ಸಾಮಾನ್ಯನೊಬ್ಬನು ಕದಲದೆ ನಿಂತ ಗಳಿಗೆಯಲ್ಲಿ ಕ್ರಾಂತಿಯ ಮೂಲವನ್ನು ಅವರು ಕಂಡರು. ಭಯ ಅಳಿದಲ್ಲಿ ಸಿಂಹಾಸನ ಅಲುಗುತ್ತದೆ.

ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ಇಥಿಯೋಪಿಯದಲ್ಲಿ 1974ರಲ್ಲಿ ಪದಚ್ಯುತನಾದ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಕುರಿತು ಅವರು 1978ರಲ್ಲಿ ಪ್ರಕಟಿಸಿದ ಗ್ರಂಥ ಲೋಕಪ್ರಸಿದ್ಧವಾಯಿತು. ಅದರಲ್ಲಿ ಚಕ್ರವರ್ತಿಯು ಓದುಬರಹದಿಂದ ದೂರವಿದ್ದವನಂತೆ ಚಿತ್ರಿತನಾಗಿದ್ದಾನೆ. ವಾಸ್ತವದಲ್ಲಿ ಆತ ಬಾಲ್ಯದಲ್ಲಿಯೇ ಫ್ರೆಂಚ್ ಕಲಿತ ವಿದ್ಯಾವಂತ. ಬಲ್ಲವರು ಇಂಥ ದೋಷಗಳನ್ನು ಎತ್ತಿ ತೋರಿದರು. 2010ರಲ್ಲಿ ಅವರ ಮಿತ್ರರೇ ಆದ ಆರ್ತುರ್ ದೊಮೊಸ್ವಾವ್‌ಸ್ಕಿ ಬರೆದ ಜೀವನಚರಿತ್ರೆಯೂ ಕಪುಶ್ಚಿನ್ಸ್ಕಿಯವರು ಸತ್ಯದೊಡನೆ ಕಲ್ಪನೆಯನ್ನು ಬೆರೆಸಿದ್ದನ್ನು ಚರ್ಚೆಗೆ ತಂದಿತು. ಅಂದಿನ ಪೋಲೆಂಡಿನ ಕಮ್ಯುನಿಸ್ಟ್ ಆಳ್ವಿಕೆಯನ್ನೇ ಅವರು ಇಥಿಯೋಪಿಯದ ನೆಪದಲ್ಲಿ ಚಿತ್ರಿಸಿದರೆಂದು ಸಮರ್ಥಿಸುವವರುಂಟು.

ಈ ಸಮರ್ಥನೆ ನಮಗೆ ಒಪ್ಪಿತವಲ್ಲ. ತನ್ನ ನಾಡಿನ ದೊರೆಗೆ ಬುದ್ಧಿ ಹೇಳಲೆಂದು ಪರನಾಡಿನ ಜನರನ್ನು ಇಲ್ಲದ ಬಣ್ಣದಲ್ಲಿ ತೋರಿಸಿದರೆ, ಆ ಜನರಿಗೆ ಅನ್ಯಾಯವಾಗುತ್ತದೆ. ಕಥೆಯೆಂದು ಹೇಳಿದರೆ ಕಲ್ಪನೆ ಸಲ್ಲುತ್ತದೆ. ವರದಿಯೆಂದು ಹೇಳಿದ ಮೇಲೆ ಸಲ್ಲದು.

ಆದುದರಿಂದ ಮನೆಯಲ್ಲಿ ಪತ್ರಿಕೆ ಓದುವಾಗ ಮಕ್ಕಳಿಗೆ ಇಷ್ಟನ್ನು ಕೇಳಲು ಕಲಿಸೋಣ: ಬರೆದವರು ಅಲ್ಲಿಗೆ ಹೋಗಿದ್ದರೆ? ಯಾರ ಮಾತನ್ನು ಕೇಳಿದರು? ವರದಿಯಲ್ಲಿರುವ ಜನರು ಇದನ್ನು ಓದಿದರೆ ತಮ್ಮ ಬಾಳೇ ಇದೆಂದು ಒಪ್ಪುವರೆ?