ಎಚ್‌ಐವಿ ಮತ್ತು ಪಾರ್ಶ್ವವಾಯು

ಎಚ್‌ಐವಿ ಸೋಂಕಿತರಿಗೆ ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಹೆಚ್ಚು. ಎಷ್ಟೋ ಸಲ ಅದು ಚಿಕ್ಕ ವಯಸ್ಸಿನಲ್ಲೇ ಬಡಿಯುತ್ತದೆ. ಬಹುಪಾಲು ರೋಗಿಗಳಲ್ಲಿ ಮೆದುಳಿನ ರಕ್ತನಾಳ ಕಟ್ಟಿಕೊಂಡಿರುತ್ತದೆ. ನಾಳ ಒಡೆದು ರಕ್ತ ಸೋರುವುದು ಕಡಿಮೆ.

ಕಾರಣ ಒಂದೇ ಅಲ್ಲ. ರೋಗನಿರೋಧಕ ಶಕ್ತಿ ಕುಸಿದು ಸಿಡಿ4 ಬಿಳಿ ರಕ್ತಕಣಗಳ ಎಣಿಕೆ ಮೈಕ್ರೋಲೀಟರಿಗೆ 200ಕ್ಕಿಂತ ಕೆಳಗಿಳಿದರೆ ಬೇರೆ ಸೋಂಕುಗಳು ಮೆದುಳಿಗೆ ನುಗ್ಗುತ್ತವೆ. ಭಾರತದಲ್ಲಿ ಮುಖ್ಯವಾಗಿ ಅಂಜಬೇಕಾದದ್ದು ಕ್ಷಯಕ್ಕೆ. ಮೆದುಳಿನ ಪೊರೆಗೆ ತಗಲಿದ ಕ್ಷಯ ತಳಭಾಗದ ನಾಳಗಳ ಗೋಡೆಯನ್ನು ಊದಿಸಿ ದಾರಿಯನ್ನು ಕಿರಿದಾಗಿಸುತ್ತದೆ. ಸಿಫಿಲಿಸ್ ಮತ್ತು ಸರ್ಪಸುತ್ತಿನ ರೋಗಾಣುಗಳಿಂದಲೂ ಇದೇ ಹಾನಿ. ಹಾಗಾಗಿ ಸ್ಕ್ಯಾನ್ ಮಾತ್ರ ಸಾಲದೆ ಬೆನ್ನಿನ ನೀರು ತೆಗೆದು ಪರೀಕ್ಷಿಸಬೇಕಾಗಬಹುದು.

2004ರಲ್ಲಿ ಭಾರತ ಸರ್ಕಾರ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಆರಂಭಿಸಿತು. ಸೋಂಕಿತರು ವೃದ್ಧಾಪ್ಯದವರೆಗೆ ಬಾಳುವಂತಾದದ್ದು ನಿಜಕ್ಕೂ ದೊಡ್ಡ ಗೆಲುವು. ಆದರೆ ವೈರಾಣು ಹತೋಟಿಗೆ ಬಂದರೂ ಒಳಗಿನ ಉರಿಯೂತ ಪೂರ್ತಿ ಆರದೆ ನಾಳದ ಒಳಪದರವನ್ನು ಕೆಡಿಸುತ್ತಿರುತ್ತದೆ. ಬಿಪಿ, ಮಧುಮೇಹ, ಧೂಮಪಾನ ಸೇರಿದರೆ ಅಪಾಯ ಇನ್ನೂ ಏರುತ್ತದೆ. 2023ರಲ್ಲಿ ಪ್ರಕಟವಾದ ರಿಪ್ರೀವ್ ಅಧ್ಯಯನದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಪಿಟವಾಸ್ಟಾಟಿನ್ ಸೇವಿಸಿದ ಸೋಂಕಿತರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಅವಘಡಗಳು ಒಟ್ಟಾರೆ ಶೇ 35ರಷ್ಟು ಕಡಿಮೆಯಾದವು. ಆದರೆ ಎಲ್ಲ ಸ್ಟಾಟಿನ್‌ಗಳೂ ಎಲ್ಲರಿಗೂ ಸಲ್ಲುವುದಿಲ್ಲ: ಎಚ್‌ಐವಿ ಔಷಧವಾದ ರಿಟೊನಾವಿರ್ ನುಂಗುವವರಿಗೆ ಸಿಮ್ವಾಸ್ಟಾಟಿನ್ ಕೊಡಬಾರದು.

ನಾಳ ಕಟ್ಟಿಕೊಂಡು ಪಾರ್ಶ್ವವಾಯು ಬಡಿದಾಗ ಹೆಪ್ಪು ಕರಗಿಸುವ ಚುಚ್ಚುಮದ್ದು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಎಚ್‌ಐವಿ ಇದೆ ಎಂಬುದೊಂದೇ ಅದನ್ನು ನಿರಾಕರಿಸಲು ಕಾರಣವಾಗದು. ಚಿಕಿತ್ಸೆಯಲ್ಲಿ ಇಂಥ ತಾರತಮ್ಯವನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ.