ಹೊಟ್ಟೆ ತುಂಬಿದರೂ ಹೊಸ ತಟ್ಟೆಗೆ ಆಸೆಯೇಕೆ?

ಬೆಂಗಳೂರಿನ ಭೋಜನಗೃಹವೊಂದರಲ್ಲಿ ಚೀನಾ, ಜಪಾನ್, ಥಾಯ್ ಪಾಕಗಳನ್ನು ಬೆರೆಸಿದ ತಿನಿಸುಗಳು ಪುಟ್ಟ ತಟ್ಟೆಗಳಲ್ಲಿ ಒಂದಾದ ಮೇಲೊಂದು ಬಂದವು. ಸಾಕೆನಿಸಿದರೂ ಹೊಸ ತಟ್ಟೆ ಕಂಡೊಡನೆ ಮತ್ತೆ ಆಸೆಯಾಗುತ್ತಿತ್ತು. ಏಕೆ?
— ಓದುಗರು, ಹರದನಹಳ್ಳಿ

ಉದರದ ತೃಪ್ತಿ ಬೇರೆ, ರಸನೆಯ ತೃಪ್ತಿ ಬೇರೆ. ಒಂದೇ ಖಾದ್ಯವನ್ನು ಮತ್ತೆ ಮತ್ತೆ ಸವಿಯುತ್ತಿರುವಾಗ, ಅದರ ರುಚಿ, ಗಂಧ, ಸ್ಪರ್ಶ, ವರ್ಣಗಳಿಗೆ ಮಿದುಳಿನ ನರಕೋಶಗಳು ತೋರುವ ಉತ್ಸಾಹವು, ಹೊಟ್ಟೆ ತುಂಬಿದ ಸಮಾಚಾರ ಪೂರ್ಣವಾಗಿ ಅಲ್ಲಿಗೆ ತಲಪುವ ಮೊದಲೇ ಕುಗ್ಗತೊಡಗುವುದಾದರೂ, ಆ ಕುಗ್ಗುವಿಕೆ ಆ ಖಾದ್ಯಕ್ಕೂ ಅದನ್ನು ಹೋಲುವಂಥವಕ್ಕೂ ಮಾತ್ರ ಸೀಮಿತವಾದುದು. ನಿಮ್ಮ ಚಾಮರಾಜನಗರದ ಸೀಮೆಯಲ್ಲಿ ಅರಿಸಿನ ಬೇಯಿಸುವ ಕೊಪ್ಪರಿಗೆಯ ಬಳಿ ನಿಂತವನಿಗೆ ತುಸು ಹೊತ್ತಿನಲ್ಲಿ ಅದರ ಘಾಟು ತಿಳಿಯದಂತಾದರೂ, ಯಾರೋ ತಂದ ಕಾಫಿಯ ಪರಿಮಳ ಥಟ್ಟನೆ ತಿಳಿಯುವುದಿಲ್ಲವೆ? ಅಂತೆಯೇ ಸೋಯಾ ರಸದ ಉಪ್ಪಿಗೆ ದಣಿದ ನಾಲಗೆ ತೆಂಗಿನ ಹಾಲಿನ ಥಾಯ್ ಸಾರಿಗೆ ಹೊಸದಾಗಿ ಎಚ್ಚರಗೊಳ್ಳುತ್ತದೆ.

1981ರಲ್ಲಿ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು ಇದನ್ನು ಪ್ರಯೋಗದಿಂದ ತೋರಿಸಿದರು: ಬಗೆಬಗೆಯ ತಿನಿಸು ದೊರೆತವರು ಒಂದೇ ತಿನಿಸು ದೊರೆತವರಿಗಿಂತ ಹೆಚ್ಚು ಉಂಡರು. ನಾನಾ ಪೋಷಕಾಂಶಗಳು ದೇಹಕ್ಕೆ ಒದಗಲೆಂದು ಪ್ರಕೃತಿ ಮಾಡಿದ ಏರ್ಪಾಡು ಇದೆಂಬುದು ನನಗೆ ಒಪ್ಪಾದ ಮಾತು. ಕೋಸಂಬರಿ, ಪಲ್ಯ, ಹುಳಿಗಳೆಲ್ಲ ಮುಗಿದು ಇನ್ನು ಒಲ್ಲೆನೆಂದವನೂ ಪಾಯಸಕ್ಕೆ ಎಲೆಯಲ್ಲಿ ಎಡೆಮಾಡಿಕೊಡುವ ನಮ್ಮ ಹಬ್ಬದ ಭೋಜನದಲ್ಲಿಯೂ ನಡೆಯುವುದು ಇದೇ.