ಒಂದೇ ಗಡಿ, ಎರಡು ಕಾನೂನು: ಮೂಲನಿವಾಸಿಗಳ ಪ್ರವೇಶ ಹಕ್ಕಿನ ಇಕ್ಕಟ್ಟು

ಅಮೆರಿಕ-ಕೆನಡಾ ಗಡಿಯು ಮೊಹಾಕ್ ಜನಾಂಗದ ಅಕ್ವೆಸಾಸ್ನೆ ಪ್ರದೇಶವನ್ನು ಸೀಳಿಕೊಂಡು ಹೋಗಿದೆ. ಅಲ್ಲಿ ನೆಂಟರ ಮನೆಗೆ ಹೋಗಬೇಕಾದರೂ ಕೆಲವೊಮ್ಮೆ ದೇಶವನ್ನೇ ದಾಟಬೇಕು. ಪೌರತ್ವವಿಲ್ಲದ ದೇಶವನ್ನು ಪ್ರವೇಶಿಸಲು ಮೂಲನಿವಾಸಿಗಳಿಗೆ ಹಕ್ಕಿದೆಯೇ? ಅವರು ಯಾವ ದಿಕ್ಕಿಗೆ ಹೊರಟಿದ್ದಾರೆ ಎಂಬುದರ ಮೇಲೆ ಉತ್ತರ ನಿಂತಿದೆ.

1794ರಲ್ಲಿ ಬ್ರಿಟನ್ ಮತ್ತು ಅಮೆರಿಕ ಮಾಡಿಕೊಂಡ ಜೇ ಒಪ್ಪಂದವು ಗಡಿಯ ಎರಡೂ ಬದಿಯ ಮೂಲನಿವಾಸಿಗಳಿಗೆ ಮುಕ್ತ ಸಂಚಾರದ ಭರವಸೆ ನೀಡಿತ್ತು. ಅಮೆರಿಕ ಇದನ್ನು ಕಾನೂನಿನಲ್ಲಿ ಉಳಿಸಿಕೊಂಡಿದೆ. ಆದರೆ 1952ರ ವಲಸೆ ಕಾಯ್ದೆಯ ಪ್ರಕಾರ, ಕೆನಡಾದಲ್ಲಿ ಜನಿಸಿದವರು ತಮ್ಮಲ್ಲಿ ಕನಿಷ್ಠ ಶೇ. 50ರಷ್ಟು ಮೂಲನಿವಾಸಿ ರಕ್ತವಿದೆ ಎಂದು ರುಜುವಾತುಪಡಿಸಬೇಕು. ಹಾಗೆ ಮಾಡಿದವರು ವೀಸಾ ಇಲ್ಲದೆ ಪ್ರವೇಶಿಸಿ, ಅಲ್ಲಿಯೇ ನೆಲೆಸಿ, ದುಡಿಯಬಹುದು. ಸಮುದಾಯ ತಮ್ಮವರೆಂದು ಒಪ್ಪಿಕೊಂಡರಷ್ಟೇ ಸಾಲದು.

ಕೆನಡಾದ ನಿಲುವು ಭಿನ್ನ. ಮೊಹಾಕ್ ವ್ಯಕ್ತಿಯೊಬ್ಬರು ಅಮೆರಿಕದಿಂದ ತಂದ ವಾಷಿಂಗ್ ಮಷಿನ್, ರೆಫ್ರಿಜರೇಟರ್ ಮುಂತಾದವುಗಳ ಸುಂಕದ ಪ್ರಕರಣದಲ್ಲಿ, ಒಪ್ಪಂದವನ್ನು ಜಾರಿಗೊಳಿಸುವ ಶಾಸನವೇ ಇಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1956ರಲ್ಲಿ ತೀರ್ಪಿತ್ತಿತು. ಆ ದೇಶದ 'ಇಂಡಿಯನ್ ಕಾಯ್ದೆ'ಯಡಿ ನೋಂದಾಯಿತರಾದವರಿಗೆ ಪೌರತ್ವವಿಲ್ಲದಿದ್ದರೂ ಪ್ರವೇಶದ ಹಕ್ಕಿದೆ. ನೋಂದಣಿಯಿಲ್ಲದ ಅಮೆರಿಕದ ಮೂಲನಿವಾಸಿ ಮಾತ್ರ ಇತರ ವಿದೇಶಿಯರಂತೆಯೇ.

2021ರಲ್ಲಿ ಅದೇ ನ್ಯಾಯಾಲಯ, ಅಮೆರಿಕದಲ್ಲಿ ವಾಸಿಸುವ ಸಿನಿಕ್ಸ್ಟ್ ಸಮುದಾಯದ ವ್ಯಕ್ತಿಗೆ ಕೆನಡಾದ ಪೂರ್ವಜರ ನೆಲದಲ್ಲಿ ಬೇಟೆಯ ಹಕ್ಕಿದೆ ಎಂದಿತು. ಗಡಿ ದಾಟುವ ಹಕ್ಕಿನ ಪ್ರಶ್ನೆಯನ್ನು ಮಾತ್ರ ಇತ್ಯರ್ಥಗೊಳಿಸಲಿಲ್ಲ. 2024ರಲ್ಲಿ ಸರ್ಕಾರ ಪ್ರಕಟಿಸಿದ ಕೆಲವು ಸಡಿಲಿಕೆಗಳೂ ತಾತ್ಕಾಲಿಕ ಸ್ವರೂಪದವು.

ಒಂದು ಕಡೆ ರಕ್ತದ ಲೆಕ್ಕ, ಇನ್ನೊಂದು ಕಡೆ ನೋಂದಣಿ ಪುಸ್ತಕ. ಗಡಿಗಿಂತ ಹಳೆಯದಾದ ಬಂಧುತ್ವ ಈ ಎರಡರ ನಡುವೆ ಸಿಲುಕಿದೆ.